ಡಯಾಲಿಸಿಸ್ ರೋಗಿಯ ಪಾಡನ್ನೂ ಕೇಳಿ

ಮಾನ್ಯ ಸಂಪಾದಕರೇ,

ಡಯಾಲಿಸಿಸ್‌ಗೆ ಬರುವವರ ರಿಪೋರ್ಟ್ ನೋಡುವಷ್ಟು ಗಮನವನ್ನು ಅವರ ಪಾಡಿನ ಕಡೆಗೆ ಆಸ್ಪತ್ರೆಗಳು ಕೊಡುತ್ತಿಲ್ಲ. ನಮ್ಮ ತಂದೆಗೆ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ಮನೆಗೆ ಬಂದರೆ ಆ ದಿನವಿಡೀ ಸುಸ್ತು. ಕಿಡ್ನಿ ಕೆಲಸ ಮಾಡದೆ ಕುಡಿದ ನೀರು ಮೈಯಲ್ಲೇ ಉಳಿದು ತೂಕ ಏರುತ್ತದೆ; ಹಾಗಾಗಿ ಬಾಯಾರಿದರೂ ಲೋಟದ ತುಂಬ ನೀರು ಕುಡಿಯುವಂತಿಲ್ಲ, ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ನಿಧಾನಕ್ಕೆ ನುಂಗುತ್ತಾರೆ. ಅಂಥವರನ್ನು ‘ತೂಕ ಯಾಕೆ ಜಾಸ್ತಿ ಆಯ್ತು, ನೀರು ಕುಡಿದ್ರಾ?’ ಎಂದು ಎಲ್ಲರ ಎದುರು ಗದರಿದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ಅಲ್ವಾ? ಅದರಿಂದ ಚಿಕಿತ್ಸೆಗೇ ತೊಂದರೆ. ರೋಗಿಯ ಜೊತೆ ಮಾತನಾಡುವುದನ್ನು ಕಲಿಸುವ ‘ಎಟ್‌ಕಾಮ್’ ಪಾಠ 2019ರಿಂದ ಎಂಬಿಬಿಎಸ್‌ನಲ್ಲಿದೆ. ಆ ತರಗತಿಗೆ ಇಂತಹ ರೋಗಿಗಳನ್ನೇ ಕರೆಸಿ ಅರ್ಧ ಗಂಟೆ ಮಾತಾಡಿಸಲಿ. ನರ್ಸ್‌, ಡಯಾಲಿಸಿಸ್ ಟೆಕ್ನಿಷಿಯನ್‌ಗಳ ತರಬೇತಿಗೂ ಇದನ್ನು ಸೇರಿಸಬೇಕು.

– ಒಬ್ಬ ರೋಗಿಯ ಮಗಳು, ತಿಪಟೂರು