ಮಗಳಿಗೊಂದು ಪತ್ರ: ಕರಿಯನ ತಟ್ಟೆ

ಸೋಮವಾರಪೇಟೆ
ಡಿಸೆಂಬರ್ 28, ಬೆಳಿಗ್ಗೆ

ಪುಟ್ಟಿ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಎರಡು ಸಲ ರಿಂಗಾಗುವಷ್ಟರಲ್ಲಿ ನಾನೇ ಕಟ್ ಮಾಡಿದ್ದೂ ಇದೆ. ಪಕ್ಕದ ತೋಟದ ಪಿಕಪ್ ಇವತ್ತು ವಿರಾಜಪೇಟೆಗೆ ಹೋಗುತ್ತಿದೆ. ನೀವಿರುವ ಕಕ್ಕಬ್ಬೆವರೆಗೂ ಹೋಗಿ ಕೊಟ್ಟು ಬರ್ತೀನಿ ಅಂದ ಡ್ರೈವರ್. ಅವನ ಕೈಯಲ್ಲಿ ಈ ಕಾಗದ, ಒಂದು ಚೀಲ ಕಿತ್ತಳೆ, ಅಮ್ಮ ಕೊಟ್ಟ ಸ್ಟೀಲ್ ಡಬ್ಬಿ, ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕಳಿಸಿದ್ದೇನೆ. ಪೊಟ್ಟಣವನ್ನು ಇದನ್ನು ಓದಿದ ಮೇಲೆ ಬಿಚ್ಚು.

ನೀವು ಸೀದಾ ಬೆಂಗಳೂರಿಗೆ ಹೋದಿರಿ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಅಮ್ಮನ ಫೋನಿನಲ್ಲಿ ನಿನ್ನ ಸ್ಟೇಟಸ್ ನೋಡಿದೆ. ಕಿರಣ್ ಮಂಜಿನಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾನೆ. ಬೋಂಡಾ ಕೆಂಪು ಸ್ವೆಟರ್ ಹಾಕಿಕೊಂಡು ಹುಲ್ಲಿನಲ್ಲಿ ಓಡುತ್ತಿದ್ದಾನೆ. ನೀನು ಕಂಬಳಿ ಹೊದ್ದು ಬೆಂಕಿಯ ಮುಂದೆ ನಗುತ್ತಿದ್ದೀಯ. ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ಕೊಡಗಿನ ಚಳಿಯನ್ನು ಹೀಗೆ ಅನುಭವಿಸುವುದಕ್ಕೆ ನಿನ್ನಮ್ಮನಿಗೂ ನನಗೂ ಒಂದು ದಿನವೂ ಪುರುಸೊತ್ತು ಸಿಗಲಿಲ್ಲ. ನಮಗೆ ಡಿಸೆಂಬರ್ ಅಂದರೆ ಕಾಫಿ ಕುಯ್ಲು. ಬೆಳಿಗ್ಗೆ ಆಳುಗಳ ಲೆಕ್ಕ, ಸಂಜೆ ಹಣ್ಣಿನ ತೂಕ, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು. ನೀವಿಬ್ಬರೂ ರಜಾ ಹಾಕಿ, ನಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಚಳಿ ಕಾಯಿಸೋಕೆ ಅಂತಲೇ ಇಷ್ಟು ದೂರ ಬರುತ್ತೀರಲ್ಲ, ಅದು ನನಗೆ ಒಳಗೊಳಗೇ ಹೆಮ್ಮೆ.

ಆದರೆ ಆ ಫೋಟೋದಲ್ಲಿ ಎರಡು ವಿಷಯ ಕಂಡವು. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಒಂದು, ಆ ಬೆಂಕಿ. ಅದು ಹೊಗೆಗೂಡು ಇರುವ ಒಲೆಯಲ್ಲ, ಕಬ್ಬಿಣದ ಅಗ್ಗಿಷ್ಟಿಕೆ. ಇದ್ದಿಲು ಹಾಕಿದ್ದಾರೆ. ಹಿಂದೆ ಕಿಟಕಿ ಮುಚ್ಚಿದೆ, ಕರ್ಟನ್ ಕೂಡ ಎಳೆದಿದೆ. ಹೊಗೆ ಇಲ್ಲ ಅಂತ ಕೆಂಡವನ್ನು ನಂಬಬಾರದು ಪುಟ್ಟಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ ಅನಿಸುತ್ತದೆ, ಚಳಿಗೆ ಇರಬೇಕು ಅಂದುಕೊಂಡು ಮಲಗುತ್ತೀರಿ. ಮಲಗಿದವರು ಮಲಗಿದಂತೆಯೇ ಹೋದ ಸುದ್ದಿ ಪ್ರತಿ ಚಳಿಗಾಲ ಎಲ್ಲಾದರೂ ಒಂದು ಕಡೆಯಿಂದ ಬಂದೇ ಬರುತ್ತದೆ. ಮಲಗುವ ಮೊದಲು ಅದನ್ನು ಹೊರಗಿಡಿ. ಕೆಂಡ ಆರಿದೆ ಅನಿಸಿದರೂ ಹೊರಗೇ ಇಡಿ. ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಬೆಚ್ಚಗೆ ಬೇಕಾದರೆ ಇನ್ನೊಂದು ರಗ್ಗು ಕೇಳಿ, ಕೊಡುತ್ತಾರೆ. ನಾಯಿಯನ್ನು ಮಧ್ಯೆ ಹಾಕಿಕೊಂಡರಂತೂ ರಗ್ಗೇ ಬೇಡ. ಸ್ವೆಟರ್ ವಿಷಯ ನಾನು ಮಾತಾಡುವುದಿಲ್ಲ. ಲ್ಯಾಬ್ರಡಾರಿಗೆ ದೇವರೇ ಎರಡು ಪದರ ಕೂದಲು ಕೊಟ್ಟಿದ್ದಾನೆ, ಇಲ್ಲಿನ 11 ಡಿಗ್ರಿ ಅದಕ್ಕೆ ಯಾವ ಲೆಕ್ಕ, ಅಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಎರಡನೆಯದು, ಬೋಂಡಾನ ಕುತ್ತಿಗೆಯಲ್ಲಿ ಹಗ್ಗ ಇರಲಿಲ್ಲ. ಬೆಳಕು ನೋಡಿದರೆ ಸಂಜೆ.

ಇಲ್ಲಿಗೆ ಬಂದೇಬಿಟ್ಟೆ ನೋಡು. ಸುತ್ತಿ ಬಳಸಿ ಬೇರೇನೋ ಬರೆಯೋಣ ಅಂತ ಕೂತಿದ್ದೆ.

ಮೊನ್ನೆ ಸಂಜೆ ಕಿರಣ್‌ಗೆ ನಾನು ಅಂದದ್ದು ತಪ್ಪು. "ನಿನಗೆ ಬುದ್ಧಿ ಇದೆಯಾ" ಅಂತ ಅಳಿಯನಿಗೆ, ಅದೂ ಕುಯ್ಲಿನ ಆಳುಗಳ ಎದುರಿಗೆ. ಪಾಪ ಅವನು ಏನು ಮಾಡಿದ್ದ? ಬೋಂಡಾನನ್ನು ಕಣದ ಮೂಲೆಯ ಕಲ್ಲುಕಂಬಕ್ಕೆ ಕಟ್ಟಿ, ನಮ್ಮೆಲ್ಲರಿಗೂ ಕಾಫಿ ತರಲು ಒಳಗೆ ಹೋಗಿದ್ದ. ಐದು ನಿಮಿಷ. ನಾನು ಬಚ್ಚಲೊಲೆಗೆ ಸೌದೆ ಹಾಕಿ ಹೊರಗೆ ಬಂದೆ, ಕಂಬದ ಬಳೆಗೆ ಕಟ್ಟಿದ ನಾಯಿ ಕಂಡಿತು. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ಒಂದು ಮಾತೂ ತಿರುಗಿ ಆಡಲಿಲ್ಲ. ಲೋಟಗಳನ್ನು ಜಗಲಿ ಮೇಲಿಟ್ಟು ನಾಯಿಯನ್ನು ಬಿಚ್ಚಿಕೊಂಡು ಹೋದ. ಬೆಲ್ಲದ ಕಾಫಿ, ನನಗೆ ಅಂತಲೇ ಹಾಲು ಹಾಕದೆ ಮಾಡಿಸಿದ್ದ. ಕುಡಿಯಲಿಲ್ಲ ನಾನು.

ಆಮೇಲೆ ನೀನು ಹೇಳಿದೆ: "ನಿಮಗೆ ನಾಯಿ ಕಂಡರೆ ಆಗಲ್ಲ ಅಪ್ಪ. ಮೊದಲಿಂದಲೂ ಆಗಲ್ಲ." ರಾತ್ರಿ ಮೂರು ಸಲ ಎದ್ದು ನಿಮ್ಮ ರೂಮಿನ ಹತ್ತಿರ ಓಡಾಡಿದ್ದನ್ನೂ ಸೇರಿಸಿದೆ. ಬೋಂಡಾ ಬೊಗಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು ಅಂದುಕೊಂಡಿದ್ದೀರಿ. ಮಾರನೇ ದಿನ ಕಡುಬಿನ ಪಾತ್ರೆ ಒಲೆ ಮೇಲಿರುವಾಗಲೇ ಕಾರು ಹತ್ತಿದಿರಿ.

ಈಗ ನಮ್ಮ ಹಳೇ ನಾಯಿ ಕರಿಯನ ವಿಷಯ. ಅವನು ಹೇಗಿದ್ದ, ಏನೇನು ಮಾಡುತ್ತಿದ್ದ ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ನಿನಗೆ ಗೊತ್ತಿಲ್ಲದ್ದು ಮಾತ್ರ ಬರೆಯುತ್ತೇನೆ.

2002ರ ಜನವರಿ. ನೀನು ಮೂರನೇ ಕ್ಲಾಸು. ಕಾಫಿ ರೇಟು ನೆಲಕಚ್ಚಿದ ವರ್ಷ ಅದು. ಕುಯ್ಯುವ ಕೂಲಿಯೂ ಹುಟ್ಟುವುದಿಲ್ಲ ಅಂತ ಎಷ್ಟೋ ಜನ ಹಣ್ಣನ್ನು ಗಿಡದಲ್ಲೇ ಬಿಟ್ಟಿದ್ದರು. ನಾನು ಸಾಲ ಮಾಡಿ ಕುಯ್ಯಿಸಿ ಕಣಕ್ಕೆ ತಂದಿದ್ದೆ. ಹಗಲೆಲ್ಲ ಒಣಗಿಸಿ, ಸಂಜೆ ರಾಶಿ ಮಾಡಿ, ಇಬ್ಬನಿ ಬೀಳದ ಹಾಗೆ ಟಾರ್ಪಾಲು ಹೊದಿಸಬೇಕು. ರಾತ್ರಿ ಯಾರಾದರೂ ಎರಡು ಮೂಟೆ ತುಂಬಿಕೊಂಡು ಹೋದರೆ ಏನು ಗತಿ? ಕಾವಲಿಗೆ ಆಳು ಇಡಲು ದುಡ್ಡಿರಲಿಲ್ಲ. ಕರಿಯ ಇದ್ದನಲ್ಲ, ಅವನನ್ನು ಕಂಬಕ್ಕೆ ಕಟ್ಟಿದೆ. ಮೊದಲು ಹಗ್ಗದಲ್ಲಿ ಕಟ್ಟುತ್ತಿದ್ದೆ. ಅದನ್ನು ಕಡಿದುಕೊಂಡು ಬಂದು ನಿನ್ನ ಕಿಟಕಿ ಕೆಳಗೆ ಮಲಗುತ್ತಿದ್ದ. ಮೂರು ಹಗ್ಗ ಹಾಳಾದ ಮೇಲೆ ಪೇಟೆಯಿಂದ ಸರಪಳಿ ತಂದೆ. ಕಂಬಕ್ಕೆ ಬಳೆ ಹೊಡೆಸಿದ್ದೂ ಆಗಲೇ.

ಸಂಕ್ರಾಂತಿಯ ಹಿಂದಿನ ದಿನವೋ ಅದರ ಹಿಂದಿನ ದಿನವೋ. ಹೊರಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ರಾತ್ರಿ ಎರಡು ಗಂಟೆ ಇರಬಹುದು. ಕರಿಯ ಒಂದು ಸಲ ಬೊಗಳಿದ. ಒಂದೇ ಸಲ. ಅರ್ಧಕ್ಕೆ ನಿಂತಿತು. ಆಮೇಲೆ ಸರಪಳಿ ಕಲ್ಲಿಗೆ ತಾಗಿದ ಸದ್ದು.

ನನಗೆ ಎಚ್ಚರವಿತ್ತು ಪುಟ್ಟಿ. ಕೇಳಿಸಿತು. ಮುಳ್ಳುಹಂದಿ ಇರಬೇಕು ಅಂದುಕೊಂಡೆ. ಏಳಬೇಕು ಅಂತಲೂ ಅಂದುಕೊಂಡೆ. ಆದರೆ ಆಗಷ್ಟೇ ಕಂಬಳಿ ಒಳಗೆ ಕಾಲು ಬೆಚ್ಚಗಾಗಿತ್ತು. ಟಾರ್ಚು ಅಡುಗೆಮನೆಯಲ್ಲಿತ್ತು, ಅಲ್ಲಿವರೆಗೂ ತಣ್ಣನೆಯ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಹೋಗಬೇಕು. ಕಂಬಳಿಯನ್ನು ಕಿವಿ ಮೇಲೆ ಎಳೆದುಕೊಂಡೆ. ನಿದ್ದೆಯೂ ಬಂತು. ಅದೇ ನನಗೆ ಇವತ್ತಿಗೂ ಜೀರ್ಣವಾಗದ್ದು. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಹೋಗಿ ನೋಡಿದರೆ ಸರಪಳಿ ನೇರವಾಗಿ ಬಿದ್ದಿತ್ತು, ಎಳೆದ ಹಾಗೆ. ಕುತ್ತಿಗೆ ಪಟ್ಟಿ ಹರಿದು ಅದರ ತುದಿಯಲ್ಲೇ ಇತ್ತು. ಟಾರ್ಪಾಲಿನ ಇಬ್ಬನಿ ಮೇಲೆ ಅಗಲವಾಗಿ ಒರೆಸಿದ ಗುರುತು. ಪಲ್ಪರ್ ನೀರು ಹರಿಯುವ ಕೆಸರಿನಲ್ಲಿ ಹೆಜ್ಜೆ ಇತ್ತು. ನಾಯಿ ಹೆಜ್ಜೆಯಾದರೆ ಉಗುರು ಮೂಡುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಈ ಹೆಜ್ಜೆಯಲ್ಲಿ ಉಗುರಿರಲಿಲ್ಲ.

ಬಿಟ್ಟಿದ್ದರೆ ಓಡುತ್ತಿದ್ದ. ಜಗಲಿ ಹತ್ತುತ್ತಿದ್ದ, ನಿನ್ನ ಕಿಟಕಿ ಹತ್ತಿರ ಬಂದು ಊರು ಎಬ್ಬಿಸುತ್ತಿದ್ದ. ಒಂದು ವೇಳೆ ಸಿಕ್ಕೇ ಬೀಳುತ್ತಿದ್ದನೋ ಏನೋ. ಆದರೆ ಓಡಲು ಜಾಗವಾದರೂ ಇರುತ್ತಿತ್ತು. ನಾನು ಅವನಿಗೆ ಆರು ಅಡಿ ಕೊಟ್ಟಿದ್ದೆ.

ನೀನು ಎದ್ದು ಕೇಳಿದೆ. ಹೆಣ್ಣುನಾಯಿ ಹಿಂದೆ ಹೋಗಿದ್ದಾನೆ, ಬರ್ತಾನೆ ಅಂದೆ. ಎಂಟು ವರ್ಷದ ಮಗುವಿಗೆ ಇನ್ನೇನು ಹೇಳುವುದು? ಅವತ್ತು ಸಂಜೆ ನೀನು ಅವನ ಅಲ್ಯೂಮಿನಿಯಂ ತಟ್ಟೆಗೆ ಅನ್ನ ಹಾಕಿ ಮೆಟ್ಟಿಲ ಮೇಲಿಟ್ಟೆ. ಬೆಳಿಗ್ಗೆ ಅನ್ನ ಹಾಗೇ ಇದ್ದದ್ದು ನೋಡಿ ಶಾಲೆಗೆ ಹೋಗುವುದಿಲ್ಲ ಅಂತ ಅತ್ತೆ. ಮರುದಿನವೂ ಇಟ್ಟೆ. ಆ ರಾತ್ರಿ ನಾನು ಎದ್ದೆ. ಟಾರ್ಚ್ ಹಿಡಿದು ಹೋಗಿ, ಅನ್ನವನ್ನು ಗೊಬ್ಬರದ ಗುಂಡಿಗೆ ಸುರಿದು, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಇಟ್ಟು ಬಂದೆ. ನಾಯಿ ತಿಂದರೆ ತಟ್ಟೆ ಹಾಗೆ ಸರಿದಿರುತ್ತದಲ್ವಾ.

ಬೆಳಿಗ್ಗೆ ನಿನ್ನ ಮುಖ ನೋಡಬೇಕಿತ್ತು. "ಅಪ್ಪಾ, ರಾತ್ರಿ ಬಂದಿದ್ದ!"

ಆಮೇಲೆ ನಿಲ್ಲಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬೀಳುವವರೆಗೂ ಪ್ರತಿ ರಾತ್ರಿ ಎದ್ದೆ. ಒಂದು ರಾತ್ರಿ ಏಳದವನು ಎರಡು ತಿಂಗಳು ಎದ್ದೆ. ನೀನು ಕಾದದ್ದು ನಿನ್ನ ಹುಚ್ಚಿನಿಂದಲ್ಲ, ನನ್ನಿಂದ. ಆ ವರ್ಷ ನೀನು ನಿದ್ದೆಗೆಟ್ಟು ಕಿಟಕಿಯಲ್ಲಿ ಕೂರುತ್ತಿದ್ದದ್ದಕ್ಕೆ ನಾನೇ ಬೈಯುತ್ತಿದ್ದೆ. ಮಾರ್ಕ್ಸ್ ಕಮ್ಮಿ ಬಂದಾಗ ಹೊಡೆದೂ ಇದ್ದೇನೆ. ನಿನ್ನಮ್ಮನಿಗೆ ಎಲ್ಲ ಗೊತ್ತಿತ್ತು, ಅವಳನ್ನು ಏನೂ ಕೇಳಬೇಡ. ಹೇಳಬೇಡ ಅಂದವನು ನಾನು.

ಮತ್ತೆ ನಾಯಿ ತರಲಿಲ್ಲ. ನೀನು ಎಷ್ಟೋ ಸಲ ಕೇಳಿದೆ. ಗಲೀಜು, ಖರ್ಚು, ನೋಡಿಕೊಳ್ಳುವವರು ಯಾರು ಅಂತ ನೆಪ ಹೇಳಿದೆ. ನಾಯಿ ಕಂಡರೆ ಆಗದ ಅಪ್ಪ ಅಂತ ನೀನು ತಿಳಿದುಕೊಂಡದ್ದು ನನಗೂ ಅನುಕೂಲವೇ ಆಯಿತು.

ಬೋಂಡಾ ಬೊಗಳಿದಾಗ ಎದ್ದು ಬಂದದ್ದು ಅದಕ್ಕೇ. ಬಾಗಿಲಿಗೆ ಕಿವಿಗೊಟ್ಟು, ಅವನ ಉಸಿರು ಕೇಳಿಸಿದ ಮೇಲೆ ವಾಪಸ್ ಹೋಗುತ್ತಿದ್ದೆ. ಗೊರಕೆ ಹೊಡೆಯುತ್ತಾನೆ ನಿಮ್ಮ ನಾಯಿ. ಕಿರಣ್‌ಗಿಂತ ಜಾಸ್ತಿ.

ಇನ್ನು ಕೇಳು. ಅಲ್ಲಿರುವಷ್ಟು ದಿನ ಸಂಜೆ ಐದೂವರೆ ಆದರೆ ಅವನು ಒಳಗಿರಲಿ. ಹಗಲಾದರೂ ತೋಟದ ದಾರಿಯಲ್ಲಿ ಹಗ್ಗ ಬಿಚ್ಚಬೇಡಿ, ಕಾಡುಹಂದಿಗೆ ಅಂತ ಉರುಲು ಇಟ್ಟಿರುವ ಕಡೆಯೂ ಇರುತ್ತದೆ. ತಡಿಯಂಡಮೋಳ್ ಬೆಟ್ಟ ಹತ್ತುವುದಾದರೆ ಚೆಕ್‌ಪೋಸ್ಟಿನಲ್ಲಿ ಮೊದಲು ಕೇಳಿ. ನಾಯಿ ಬಿಡುವುದಿಲ್ಲ ಅಂದರೆ ವಾದ ಮಾಡಬೇಡಿ, ಅವರು ಹೇಳುವುದು ಸರಿ. ಕಾಡಾನೆಗೆ ಬೊಗಳಿದ ನಾಯಿ, ಆನೆ ತಿರುಗಿಬಿದ್ದರೆ ಓಡುವುದು ಯಜಮಾನನ ಕಡೆಗೇ. ಹಿಂದೆ ಆನೆಯೂ ಬರುತ್ತದೆ. 1,748 ಮೀಟರ್ ಎಲ್ಲೂ ಓಡಿಹೋಗುವುದಿಲ್ಲ, ನೀವಿಬ್ಬರೇ ಇನ್ನೊಮ್ಮೆ ಹತ್ತಿ. ಅದರ ಬದಲು ನಾಲ್ಕುನಾಡು ಅರಮನೆ ನೋಡಿ. 1792ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ನಿನ್ನನ್ನು ಒಮ್ಮೆ ಕರೆದುಕೊಂಡು ಹೋಗುತ್ತೇನೆ ಅಂದವನು ಹೋಗಲೇ ಇಲ್ಲ, ಪ್ರತಿ ವರ್ಷ ಕುಯ್ಲು ಅಡ್ಡ ಬಂತು. ಹುಲ್ಲಿನಲ್ಲಿ ತಿರುಗಿ ಬಂದ ಮೇಲೆ ಬೋಂಡಾನ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ನೋಡಿ. ಮಳೆಗಾಲದ ಜಿಗಣೆ ಈಗಿಲ್ಲ, ಉಣ್ಣಿ ಇದೆ. ಬೇಯಿಸಿದ ಮೂಳೆ ಹಾಕಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಹೋಂಸ್ಟೇಯವರು ಪ್ರೀತಿಯಿಂದ ಕೊಡುತ್ತಾರೆ, ಬೇಡ ಅನ್ನಿ.

ಓದುತ್ತಾ ನಗುತ್ತಿದ್ದೀಯ ಅಂತ ಗೊತ್ತು. ಕ್ಷಮೆ ಕೇಳಲು ಕೂತವನು ಪಾಠ ಶುರು ಮಾಡಿದ ಅಂತ. ಇರಲಿ, ನನಗೆ ಬರುವುದು ಇಷ್ಟೇ.

ಪೊಟ್ಟಣದಲ್ಲಿ ಇರುವುದು ಮುಳ್ಳುಪಟ್ಟಿ. ಕುರಿ ಕಾಯುವವರು ನಾಯಿಗೆ ಹಾಕುತ್ತಾರಲ್ಲ, ಅಂಥದ್ದು. ಚಿರತೆ ಹಿಡಿಯುವುದು ಕುತ್ತಿಗೆಯನ್ನು. ಮುಳ್ಳು ತಾಗಿದರೆ ಬಿಡುತ್ತದೆ ಅಂತ ಲೆಕ್ಕ. ನೀವು ಬರುತ್ತೀರಿ ಅಂತ ಗೊತ್ತಾದಾಗಲೇ ಕಮ್ಮಾರನ ಹತ್ತಿರ ಮಾಡಿಸಿದ್ದೆ. ಒಳಗಡೆ ಹಳೇ ಬೆಲ್ಟಿನ ಚರ್ಮ ಹೊಲಿಸಿದ್ದೇನೆ, ಚುಚ್ಚುವುದಿಲ್ಲ. ಕೊಡೋಣ ಅಂದರೆ ಯಾಕೆ ಏನು ಅಂತ ಹೇಳಬೇಕಲ್ಲ. ಮೂರು ದಿನ ಬೀರುವಿನಲ್ಲೇ ಇತ್ತು. ಬೆಂಗಳೂರಿನಲ್ಲಿ ಹಾಕಬೇಡಿ, ಲಿಫ್ಟಿನಲ್ಲಿ ಯಾರಿಗಾದರೂ ಗೀರೀತು.

ಕಿರಣ್‌ಗೆ ಈ ಕಾಗದ ಓದಲು ಕೊಡು. ಅವನಿಗೆ ಬೇರೆಯಾಗಿ ಬರೆಯಲು ಕೂತೆ, ಎರಡು ಸಾಲಿನ ಮೇಲೆ ಹೋಗಲಿಲ್ಲ. ಅವನು ಬಂದರೆ ಎದುರಿಗೇ ಹೇಳುತ್ತೇನೆ, ಆಳುಗಳ ಮುಂದೆಯೇ.

ನಿನ್ನೆ ಕಂಬದ ಬಳೆ ಕೀಳಲು ಹೋದೆ. ತುಕ್ಕು ಹಿಡಿದು ಕಲ್ಲಿಗೇ ಅಂಟಿದೆ, ಅಲ್ಲಾಡಲಿಲ್ಲ. ಹ್ಯಾಕ್ಸಾದಲ್ಲಿ ಅರ್ಧ ಕೊಯ್ದೆ, ಬ್ಲೇಡು ಮುರಿಯಿತು. ಪೇಟೆಗೆ ಹೋದಾಗ ಇನ್ನೆರಡು ಬ್ಲೇಡು ತರಬೇಕು.

ಇವತ್ತು ಬೆಳಿಗ್ಗೆ ಕಾಫಿ ಹರವುವಾಗ ಟಾರ್ಪಾಲಿನ ಅಡಿಯಲ್ಲಿ ಬೋಂಡಾನ ಹಸಿರು ಚೆಂಡು ಸಿಕ್ಕಿತು. ಕಾಫಿ ಹಣ್ಣಿನ ಜೊತೆ ಅದೂ ಒಣಗುತ್ತಿತ್ತು. ತೊಳೆದು ಜಗಲಿ ಮೇಲೆ ಇಟ್ಟಿದ್ದೇನೆ. ಪಿಕಪ್‌ನಲ್ಲಿ ಅದನ್ನು ಮಾತ್ರ ಕಳಿಸಿಲ್ಲ.

ಅಪ್ಪ