ಮೊದಲು ನಿಯಮ, ಆಮೇಲೆ ರಸ್ತೆ: ಕೇಂದ್ರ ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಕ್ರೀಡಾ ಸಚಿವರಿಗೆ,

ನಮಸ್ಕಾರಗಳು.

ಫಾರ್ಮುಲಾ ಒನ್ ಭಾರತಕ್ಕೆ ಮತ್ತೆ ಬರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಾನು ರೇಸ್ ವಿರೋಧಿ ಅಂತ ನೀವು ತಿಳಿಯಬಾರದು. ಭಾನುವಾರ ಸಂಜೆ ರೇಸ್ ಇದ್ದರೆ ಬೇರೆ ಕೆಲಸ ಇಟ್ಟುಕೊಳ್ಳದ ಬೆಂಗಳೂರಿನ ಅಭಿಮಾನಿಗಳಲ್ಲಿ ನಾನೂ ಒಬ್ಬ. ನನ್ನ ಆತಂಕ ಇರುವುದು ಜಾಗದ ಬಗ್ಗೆ. ರೇಸ್ ವಾಪಸ್ ತರುವ ಮಾತು ಬಂದಾಗಲೆಲ್ಲ ಯಾವುದಾದರೂ ಊರಿನ ನಡುಬೀದಿಯಲ್ಲಿ ಹೊಸ ಟ್ರ್ಯಾಕ್ ಮಾಡುವ ಆಸೆಯೂ ಜೊತೆಗೆ ಬರುತ್ತದೆ. ಕೆರೆ ಏರಿ, ಕಡಲ ತೀರ, ರಾತ್ರಿಯ ದೀಪಗಳು, ಟಿವಿಯಲ್ಲಿ ಮಿನುಗುವ ಊರು. ಆ ಆಸೆಗೆ ಸದ್ಯಕ್ಕೆ ಸೋಲಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಯಾಕೆಂದರೆ ನಮ್ಮ ಹತ್ತಿರ ಟ್ರ್ಯಾಕ್ ಇದೆ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್, 5.125 ಕಿಲೋಮೀಟರ್ ಉದ್ದ, ಹರ್ಮನ್ ಟಿಲ್ಕೆ ಅವರ ವಿನ್ಯಾಸ. 2011ರ ಅಕ್ಟೋಬರ್ 30ರಂದು ಅಲ್ಲಿ ಮೊದಲ ಎಫ್1 ರೇಸ್ ನಡೆಯಿತು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವತ್ತು ತಮ್ಮ ದೇಶದಲ್ಲೇ ಎಫ್1 ಕಾರು ಓಡಿಸಿದರು. ಮೂರು ವರ್ಷ ರೇಸ್ ನಡೆಯಿತು, ಮೂರೂ ಸಲ ಸೆಬಾಸ್ಟಿಯನ್ ವೆಟ್ಟಲ್ ಗೆದ್ದರು. 2013ರಲ್ಲಿ ಅವರ ನಾಲ್ಕನೇ ವಿಶ್ವ ಚಾಂಪಿಯನ್ ಪಟ್ಟ ಖಚಿತವಾಗಿದ್ದೂ ಇಲ್ಲೇ. ನಿಯಮವನ್ನೂ ಮರೆತು ಮುಖ್ಯ ಸ್ಟ್ಯಾಂಡ್ ಎದುರು ಕಾರನ್ನು ಗಿರಗಿರ ತಿರುಗಿಸಿದರು. ಇಳಿದು ಕಾರಿನ ಮುಂದೆ ಮಂಡಿಯೂರಿ ಕೈಮುಗಿದರು. ಎಫ್1 ಚರಿತ್ರೆಯ ಅಷ್ಟು ದೊಡ್ಡ ಗಳಿಗೆ ನಮ್ಮ ನೆಲದಲ್ಲಿ ನಡೆಯಿತು. ಅದೇ ಇಲ್ಲಿನ ಕೊನೆಯ ಎಫ್1 ರೇಸ್ ಕೂಡ.

ಟ್ರ್ಯಾಕ್ ಚೆನ್ನಾಗಿಲ್ಲ ಅಂತ ಅದು ನಿಲ್ಲಲಿಲ್ಲ. ಸರ್ಕಾರಕ್ಕೂ ಆಯೋಜಕರಿಗೂ ತೆರಿಗೆ, ಸುಂಕದ ಲೆಕ್ಕ ಕೂಡಿಬರಲಿಲ್ಲ, ಅದಕ್ಕೆ ನಿಂತಿತು. ಎಫ್1 ಕ್ರೀಡೆಯಲ್ಲ, ಮನರಂಜನೆ ಎಂಬ ವಾದ ಆಗ ಗೆದ್ದಿತು. ಕಸ್ಟಮ್ಸ್ ವಿನಾಯಿತಿಗೆ ನಿಮ್ಮ ಸಚಿವಾಲಯವೇ ಆಗ ಒಪ್ಪಲಿಲ್ಲ. ಸಾರ್ವಜನಿಕರ ದುಡ್ಡು ಉಳಿಸಬೇಕೆಂಬ ಕಾಳಜಿ ಅದರ ಹಿಂದಿದ್ದರೆ ನಾನದನ್ನು ಗೌರವಿಸುತ್ತೇನೆ. ಆದರೆ 2019ರಲ್ಲಿ ಇದೇ ಭಾರತ ಸರ್ಕಾರ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು. ಅರ್ಜುನ ಕೊಡುವುದು ಕ್ರೀಡಾಪಟುಗಳಿಗೆ ಅಲ್ವಾ? ಹಾಗಾದರೆ ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ ಕಾರು ಮತ್ತು ಟೈರುಗಳು ಬಂದಿಳಿದಾಗ ಮಾತ್ರ ಇದು ಕ್ರೀಡೆಯಲ್ಲ ಅನ್ನಬೇಕಾ?

ಆದಾಯ ತೆರಿಗೆಯ ವಿಷಯವೂ ಹೀಗೇ ಆಯಿತು. ಬುದ್ಧ ಟ್ರ್ಯಾಕ್‌ನಲ್ಲಿ ಗಳಿಸಿದ್ದಕ್ಕೆ ಫಾರ್ಮುಲಾ ಒನ್ ಕಂಪನಿ ಭಾರತದಲ್ಲಿ ತೆರಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಯ ರೇಸ್ ಮುಗಿದು ಮೂರೂವರೆ ವರ್ಷವಾದ ಮೇಲೆ ಉತ್ತರ ಸಿಕ್ಕರೆ, ದುಡ್ಡು ಹಾಕುವವರು ಲೆಕ್ಕ ಹಾಕುವುದು ಹೇಗೆ?

2023ರ ಸೆಪ್ಟೆಂಬರ್‌ನಲ್ಲಿ ಇದೇ ಟ್ರ್ಯಾಕ್‌ಗೆ ಮೋಟೊ ಜಿಪಿ ಬಂತು. ಮಾರ್ಕೊ ಬೆಝೆಕಿ ಗೆದ್ದರು. ಬೈಕುಗಳು ಓಡಿದ್ದು ಚೆನ್ನಾಗಿಯೇ ಓಡಿದವು. ಆದರೆ ವೀಸಾ ಕೈಗೆ ಬರುವುದು ತಡವಾಗಿ, ಮಾರ್ಕ್ ಮಾರ್ಕೆಸ್ ಅಂಥ ದೊಡ್ಡ ರೈಡರ್ ಕೂಡ ಕಾಯಬೇಕಾಯಿತು. 2024ರ ರೇಸ್ ರದ್ದಾಯಿತು. ನೋಡಿ, ಒಂದು ಸಲವೂ ತೊಂದರೆ ಟ್ರ್ಯಾಕ್‌ನಿಂದ ಬಂದಿಲ್ಲ. ಹಾಗಿರುವಾಗ ಮತ್ತೆ ಟ್ರ್ಯಾಕ್ ಹುಡುಕುತ್ತಾ ಹೊರಡುವುದು ಯಾಕೆ? ಗಂಡು ಹೆಣ್ಣು ಒಪ್ಪುವ ಮೊದಲೇ ಛತ್ರ ಬುಕ್ ಮಾಡಿದ ಹಾಗಾಗುತ್ತದೆ.

ಬೀದಿ ಟ್ರ್ಯಾಕ್‌ನಲ್ಲಿ ಈ ತೊಂದರೆಗಳು ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತವೆ. ಹೈದರಾಬಾದ್ ನೋಡಿ. 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ, 2.83 ಕಿಲೋಮೀಟರ್ ಟ್ರ್ಯಾಕ್ ಮೇಲೆ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸ್ ನಡೆಯಿತು. ನಮ್ಮ ದೇಶದ ಮೊದಲ ಫಾರ್ಮುಲಾ ಇ ರೇಸ್. ನಮ್ಮದೇ ಮಹೀಂದ್ರ ತಂಡ ಕಣದಲ್ಲಿತ್ತು. ನನಗೆ ತುಂಬಾ ಹೆಮ್ಮೆಯಾಗಿತ್ತು. ವರ್ಷದ ಕೊನೆಗೆ ರಾಜ್ಯದಲ್ಲಿ ಸರ್ಕಾರ ಬದಲಾಯಿತು. 2024ರ ಜನವರಿಯಲ್ಲಿ ಎರಡನೇ ರೇಸ್ ರದ್ದಾಯಿತು. ಆಮೇಲೆ ಸುಮಾರು 55 ಕೋಟಿ ರೂಪಾಯಿ ಪಾವತಿಯ ಬಗ್ಗೆ ಭ್ರಷ್ಟಾಚಾರ ನಿಗ್ರಹ ದಳದಲ್ಲಿ ಪ್ರಕರಣ ದಾಖಲಾಯಿತು. ಯಾರದು ಸರಿ, ಯಾರದು ತಪ್ಪು ಎಂದು ನ್ಯಾಯಾಲಯ ಹೇಳಲಿ. ನಾನು ನೋಡುವುದು ಇಷ್ಟೇ: ಒಪ್ಪಂದ ಹೇಗಾಯಿತು, ದುಡ್ಡು ಎಲ್ಲಿಂದ ಹೋಯಿತು ಅನ್ನುವುದು ಮೊದಲ ದಿನವೇ ಜನರ ಮುಂದೆ ಇದ್ದಿದ್ದರೆ ಇಂಥ ಪ್ರಕರಣಕ್ಕೆ ಜಾಗವೇ ಇರುತ್ತಿರಲಿಲ್ಲ.

ಚೆನ್ನೈಯದು ಬೇರೆ ಕಥೆ. ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರ್ ಟ್ರ್ಯಾಕ್ ಮಾಡಿದರು. 2023ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ರೇಸ್ ಮಿಚಾಂಗ್ ಚಂಡಮಾರುತದಿಂದ ಮುಂದೆ ಹೋಯಿತು. ಆಸ್ಪತ್ರೆ ಹತ್ತಿರ, ಸದ್ದು, ರಸ್ತೆ ಬಂದ್ ಎಂಬ ಆಕ್ಷೇಪಗಳು ಹೈಕೋರ್ಟ್ ಮೆಟ್ಟಿಲು ಹತ್ತಿದವು. ಕೊನೆಗೆ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ರಾತ್ರಿ ರೇಸ್ ನಡೆಯಿತು. ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ ಎಫ್ಐಎಯ ಪ್ರಮಾಣಪತ್ರ ಕೈಸೇರುವುದು ತಡವಾಗಿ, ಶನಿವಾರ ಟಿಕೆಟ್ ತೆಗೆದವರು ಕಾಯಬೇಕಾಯಿತು. ಅಲ್ಲಿ ದುಡಿದವರ ಶ್ರಮವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಅದು ಫಾರ್ಮುಲಾ 4, ಹೊಸಬರು ಓಡಿಸುವ ಕೆಳ ಹಂತದ ರೇಸ್. ಎಫ್1ಗೆ ಬೇಕಾದ ಟ್ರ್ಯಾಕ್‌ಗೆ ಎಫ್ಐಎ ಮೊದಲ ದರ್ಜೆಯ ಪರವಾನಗಿ ಬೇಕು. ಬೇಲಿ, ತಡೆಗೋಡೆ, ವೈದ್ಯಕೀಯ ಕೇಂದ್ರ, ಪಿಟ್ ಕಟ್ಟಡ, ಎಲ್ಲವೂ ಇನ್ನೊಂದು ಮಟ್ಟದ್ದು.

ಮ್ಯಾನ್‌ಹೋಲ್ ವಿಷಯವನ್ನೇ ತೆಗೆದುಕೊಳ್ಳಿ. ಎಫ್1 ಕಾರು ನೆಲಕ್ಕೆ ಎಷ್ಟು ಹತ್ತಿರ ಓಡುತ್ತದೆಂದರೆ ಅದರ ಅಡಿಯ ಗಾಳಿಯ ಸೆಳೆತ ರಸ್ತೆಯ ಕಬ್ಬಿಣದ ಮುಚ್ಚಳವನ್ನೇ ಕೀಳಬಲ್ಲದು. ಅದಕ್ಕೇ ಮುಚ್ಚಳಗಳನ್ನು ವೆಲ್ಡ್ ಮಾಡುತ್ತಾರೆ, ಭದ್ರವಾಗಿ ಕೂರಿಸುತ್ತಾರೆ. ಹಾಗಿದ್ದೂ 2019ರಲ್ಲಿ ಬಾಕುವಿನಲ್ಲಿ ಜಾರ್ಜ್ ರಸೆಲ್ ಅವರ ವಿಲಿಯಮ್ಸ್ ಕಾರಿಗೆ ಚರಂಡಿ ಮುಚ್ಚಳ ಬಡಿಯಿತು. 2023ರಲ್ಲಿ ಲಾಸ್ ವೇಗಸ್‌ನ ಮೊದಲ ಅಭ್ಯಾಸ ಓಟ ಕೆಲವೇ ನಿಮಿಷಕ್ಕೆ ನಿಂತುಹೋಯಿತು. ನೀರಿನ ವಾಲ್ವ್‌ನ ಮುಚ್ಚಳ ಎದ್ದು ಕಾರ್ಲೋಸ್ ಸೈಂಜ್ ಅವರ ಫೆರಾರಿಯ ಅಡಿಭಾಗ ಸೀಳಿತ್ತು. ಎರಡನೇ ಅಭ್ಯಾಸ ಶುರುವಾಗಿದ್ದು ನಡುರಾತ್ರಿ ಎರಡೂವರೆಗೆ, ಪ್ರೇಕ್ಷಕರನ್ನು ಮನೆಗೆ ಕಳಿಸಿದ ಮೇಲೆ. ಅಷ್ಟು ಶ್ರೀಮಂತ ಊರಿನ ಪಾಡು ಇದು. ಒಂದು ಇಲಾಖೆ ಟಾರು ಹಾಕಿ ಹೋದ ಮೇಲೆ ಇನ್ನೊಂದು ಇಲಾಖೆ ಪೈಪಿಗೆ ಅಗೆಯುವ ನಮ್ಮ ಊರುಗಳಲ್ಲಿ ಆ ಹೊಣೆ ಹೊರುವವರು ಯಾರು?

ಹೊರದೇಶದ ಸೋಲುಗಳೂ ನಿಮ್ಮ ಮೇಜಿನ ಮೇಲಿರಲಿ. ಸ್ಪೇನಿನ ವಲೆನ್ಸಿಯಾದಲ್ಲಿ ಬಂದರಿನ ಸುತ್ತ 2008ರಲ್ಲಿ ಎಫ್1 ಶುರುವಾಯಿತು. ಜನರಿಗೆ ಒಂದು ಯೂರೋ ಖರ್ಚೂ ಬೀಳದು ಎಂದು ಆಳುವವರು ಭರವಸೆ ಕೊಟ್ಟಿದ್ದರು. 2012ರಲ್ಲಿ ಫರ್ನಾಂಡೊ ಅಲೊನ್ಸೊ 11ನೇ ಸ್ಥಾನದಿಂದ ಹೊರಟು, ತಮ್ಮ ಜನರೆದುರು ಗೆದ್ದು ಅತ್ತರು. ಅಂಥ ರೇಸ್ ಆದ ಮೇಲೂ ಎಫ್1 ಅಲ್ಲಿಗೆ ತಿರುಗಿ ಬರಲಿಲ್ಲ. ಟ್ರ್ಯಾಕ್ ಪಾಳುಬಿತ್ತು, ಸಾಲ ಸರ್ಕಾರದ ತಲೆಗೆ ಬಂತು. ವಿಯೆಟ್ನಾಂನ ಹನೋಯ್ ಇನ್ನೂ ಕಷ್ಟದ್ದು. 5.6 ಕಿಲೋಮೀಟರ್ ಟ್ರ್ಯಾಕ್ ಕಟ್ಟಿ ಮುಗಿಸಿದರು. 2020ರಲ್ಲಿ ಕೋವಿಡ್ ಬಂತು. ರೇಸ್ ತರಲು ಓಡಾಡಿದ್ದ ನಗರದ ಮುಖ್ಯಸ್ಥರು ಬೇರೊಂದು ಪ್ರಕರಣದಲ್ಲಿ ಬಂಧನವಾದರು. ಅಲ್ಲಿ ಒಂದು ಎಫ್1 ರೇಸ್ ಕೂಡ ನಡೆಯಲಿಲ್ಲ.

ಗೆದ್ದ ಊರುಗಳಿಲ್ಲ ಅಂತಲ್ಲ. ಸಿಂಗಾಪುರ 2008ರಿಂದ ರಾತ್ರಿ ರೇಸ್ ನಡೆಸುತ್ತಿದೆ, ಒಪ್ಪಂದ 2028ರವರೆಗಿದೆ. ಅಲ್ಲಿ ರೇಸ್ ದಿನಗಳಲ್ಲಿ ಹೋಟೆಲ್ ರೂಮುಗಳ ಆದಾಯದ ಮೇಲೆ ವಿಶೇಷ ಸುಂಕವಿದೆ. ಟ್ರ್ಯಾಕ್ ಪಕ್ಕದ ಹೋಟೆಲಿಗೆ ಜಾಸ್ತಿ, ದೂರದ್ದಕ್ಕೆ ಕಮ್ಮಿ. ರೇಸ್‌ನಿಂದ ಯಾರಿಗೆ ಲಾಭವೋ ಅವರು ಖರ್ಚಿಗೂ ಹೆಗಲು ಕೊಡುತ್ತಾರೆ. ನಮ್ಮಲ್ಲಿ ಇಂಥ ಒಂದು ಲೆಕ್ಕವನ್ನು ಯಾರಾದರೂ ಮಂಡಿಸಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನ ಹೆಸರೂ ಒಂದು ದಿನ ಈ ಪಟ್ಟಿಗೆ ಬರಬಹುದು. 2011ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ನೈಸ್ ರಸ್ತೆಯಲ್ಲಿ ಮೆಕ್‌ಲಾರೆನ್ ಓಡಿಸಿ ತೋರಿಸಿದಾಗ ಜನ ಮುಗಿಬಿದ್ದಿದ್ದರು. ನಮ್ಮ ಊರಿಗೆ ಈ ಹುಚ್ಚು ಹೊಸದಲ್ಲ. ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಇಲ್ಲಿಯವರು. 2019ರಲ್ಲಿ ಎಫ್‌ಐಎಂ ಬಾಹಾ ಬೈಕ್ ರ‍್ಯಾಲಿ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಇಲ್ಲಿಯವರು. 2025ರಲ್ಲಿ ಮೊನಾಕೊದಲ್ಲಿ, ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಕೂಡ ಬೆಂಗಳೂರಿನ ಹುಡುಗ. ಆದರೂ ಇಲ್ಲಿನ ಹುಡುಗರು ಕಾರ್ಟಿಂಗ್ ದಾಟಿ ಮುಂದಿನ ಹೆಜ್ಜೆ ಇಡಲು ಚೆನ್ನೈ ಹೆದ್ದಾರಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕಾರಿ ಟ್ರ್ಯಾಕಿಗೋ ಹೋಗಬೇಕು. ಮೂರು ದಿನದ ಬೀದಿ ರೇಸಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಇಂಥ ಕಾಯಂ ಟ್ರ್ಯಾಕ್‌ಗೆ ಬಂದರೆ ವರ್ಷವಿಡೀ ಮಕ್ಕಳು ಓಡಿಸುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಇದು. ಮೋಟಾರ್ ರೇಸಿಂಗ್ ಕ್ರೀಡೆ ಎಂದು, ತೆರಿಗೆ, ಕಸ್ಟಮ್ಸ್ ಮತ್ತು ವೀಸಾ ಮೂರಕ್ಕೂ ಅನ್ವಯವಾಗುವ ಹಾಗೆ, ಹಣಕಾಸು ಮತ್ತು ಗೃಹ ಸಚಿವಾಲಯಗಳ ಜೊತೆ ಕೂತು ಲಿಖಿತ ಆದೇಶ ಹೊರಡಿಸಿ. ಬುದ್ಧ ಟ್ರ್ಯಾಕ್‌ನ ಗಂಟು ಬಿಡಿಸಿ. ಅಲ್ಲಿನ ಜಮೀನು ಹಂಚಿಕೆಯನ್ನು ಆ ಭಾಗದ ಅಭಿವೃದ್ಧಿ ನೋಡಿಕೊಳ್ಳುವ ಯಮುನಾ ಪ್ರಾಧಿಕಾರ 2020ರಲ್ಲಿ ರದ್ದು ಮಾಡಿತು, ಕಟ್ಟಿದ ಜೇಪೀ ಸಮೂಹ ಸಾಲದಲ್ಲಿ ಮುಳುಗಿತು. ಜಮೀನು ಕೊಟ್ಟ ರೈತರು ಪರಿಹಾರ ಸಾಲದೆಂದು 2011ರಲ್ಲೇ ದನಿ ಎತ್ತಿದ್ದರು, ಅವರ ಮಾತನ್ನೂ ಕೇಳಿ. 2011ರ ಒಪ್ಪಂದದಲ್ಲಿ ಆಯೋಜಕರು ಫಾರ್ಮುಲಾ ಒನ್ ಕಂಪನಿಗೆ ಕೊಡಬೇಕಿದ್ದ ಶುಲ್ಕ 4 ಕೋಟಿ ಡಾಲರ್ ಅನ್ನುವುದನ್ನು ನಾವು ಕೋರ್ಟ್ ತೀರ್ಪಿನಲ್ಲಿ ಓದಬೇಕಾಯಿತು. ಮುಂದಿನ ಒಪ್ಪಂದ ಸಹಿಯಾಗುವ ಮೊದಲೇ ಸಂಸತ್ತಿನ ಮುಂದೆ ಬರಲಿ, ಸರ್ಕಾರ ಬದಲಾದರೂ ನಿಲ್ಲುವಂತಿರಲಿ.

ಇಷ್ಟಾದ ಮೇಲೂ ಯಾವುದಾದರೂ ಊರು ತನ್ನ ಬೀದಿ ಕೊಡುತ್ತೇನೆ ಎಂದು ಬಂದರೆ, ರಸ್ತೆ ಎಷ್ಟು ದಿನ ಬಂದ್, ಆಂಬುಲೆನ್ಸ್ ಯಾವ ದಾರಿಯಲ್ಲಿ ಹೋಗುತ್ತದೆ, ಅಂಗಡಿಯವರಿಗೆ ಪರಿಹಾರ ಯಾರು ಕೊಡುತ್ತಾರೆ ಎಂಬುದನ್ನು ಆ ಊರಿನ ಭಾಷೆಯಲ್ಲಿ ಪ್ರಕಟಿಸಿ, ಅಲ್ಲಿನ ಜನರ ಅಭಿಪ್ರಾಯ ಕೇಳಿ. ಅವರು ಒಪ್ಪಿದರೆ ನಾನು ಟಿಕೆಟ್ ತೆಗೆದುಕೊಂಡು ಬರುತ್ತೇನೆ.

24 ರೇಸ್‌ಗಳ ಕ್ಯಾಲೆಂಡರ್ ಈಗಾಗಲೇ ತುಂಬಿದೆ. ಮ್ಯಾಡ್ರಿಡ್ 2035ರವರೆಗೆ ಸಹಿ ಹಾಕಿದೆ. ಬೆಲ್ಜಿಯಂನ ಸ್ಪಾ ಅಂಥ ಹಳೆಯ ಟ್ರ್ಯಾಕ್ ಕೂಡ 2028 ಮತ್ತು 2030ರಲ್ಲಿ ಜಾಗ ಬಿಟ್ಟುಕೊಡುತ್ತಿದೆ. ಥಾಯ್ಲೆಂಡ್ ಬ್ಯಾಂಕಾಕ್‌ಗಾಗಿ ಓಡಾಡುತ್ತಿದೆ. ಆದೇಶ ಹೊರಡಿಸುವ ಕೆಲಸ ಈ ವರ್ಷವೇ ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ರೇಸಿಂಗ್ ಅಭಿಮಾನಿ