ಬೋಟಿನ ಅಡಿ ಬಣ್ಣದ ಡಬ್ಬದಲ್ಲಿ ಎಂತ ಉಂಟು ಅಂತ ಕನ್ನಡದಲ್ಲಿ ಬರೀಲಿ

ಸಂಪಾದಕರಿಗೆ ನಮಸ್ಕಾರ,

ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ರಜೆ ಇರ್ತದಲ್ಲ, ಆ ರಜೆ ಮುಗಿಯುವ ಹೊತ್ತಿಗೆ ಮಲ್ಪೆ ಕಡೆ ಬಂದ್ರೆ ದಡಕ್ಕೆ ಎಳೆದಿಟ್ಟ ಬೋಟುಗಳ ಅಡಿಗೆ ಬಣ್ಣ ಬಳಿಯುದು ಕಾಣ್ತದೆ. ಆ ಬಣ್ಣ ಚಂದಕ್ಕಲ್ಲ, ಚಿಪ್ಪು ಪಾಚಿ ಹಿಡೀಬಾರ್ದು ಅಂತ ಹಚ್ಚುವ ಆಂಟಿಫೌಲಿಂಗ್ ಪೇಂಟ್, ಅಂದ್ರೆ ವಿಷ ಸೇರಿಸಿದ ಬಣ್ಣ. ನನ್ನ ಹತ್ರ ಉದ್ಯಾವರ ಹೊಳೆ ಬದಿಯಲ್ಲಿ 24 ಅಡಿಯ ಒಂದು ಫೈಬರ್ ಹಾಯಿದೋಣಿ ಉಂಟು, ಮೀನಿಗಲ್ಲ, ಗಾಳಿ ಇದ್ದ ದಿವಸ ಹೊರಗೆ ಹೋಗಿ ಬರ್ಲಿಕ್ಕೆ. ಈ ಬಣ್ಣ ಆರಿಸುದ್ರಲ್ಲಿ ನಾನು ಎರಡು ಸಲ ತಪ್ಪು ಮಾಡಿದ್ದೇನೆ, ಎರಡೂ ಸಲ ಡಬ್ಬ ಓದಿದ್ರೂ ಅರ್ಥ ಆಗದೆ ಆದ ತಪ್ಪು, ಅದಕ್ಕೇ ಈ ಪತ್ರ.

ಮೊದಲ ಸಲ ಅಂಗಡಿಯಲ್ಲಿ ಕೇಳಿದ್ದಕ್ಕೆ ಇದು ಒಳ್ಳೆ ಗಟ್ಟಿ ಬಣ್ಣ, ಎರಡು ವರ್ಷ ಬರ್ತದೆ ಅಂತ ಕೊಟ್ರು. ಗಟ್ಟಿ ಅಂದ್ರೆ ಒಳ್ಳೇದೇ ಅಲ್ವಾ ಅಂತ ನಾನೂ ತಗೊಂಡೆ. ನನ್ನ ದೋಣಿ ಮೇ ಕೊನೆಗೆ ದಡಕ್ಕೆ ಬಂದ್ರೆ ಮತ್ತೆ ನೀರಿಗಿಳಿಯುದು ಅಕ್ಟೋಬರಲ್ಲಿ, ನಾಲ್ಕು ತಿಂಗಳು ಒಣಗಿಯೇ ಇರ್ತದೆ. ಗಟ್ಟಿ ಬಣ್ಣ ಅಂದ್ರೆ ಎಪಾಕ್ಸಿ ಥರದ್ದು, ಅದು ತಾನು ಕರಗುದಿಲ್ಲ, ಒಳಗೆ ವಿಷ ಅಂತ ಸೇರಿಸಿದ ತಾಮ್ರ ಮಾತ್ರ ನೀರಿಗೆ ಹೋಗ್ತಾ ಇರ್ತದೆ. ತಿಂಗಳುಗಟ್ಟಲೆ ಗಾಳಿಗಿಟ್ರೆ ಮೇಲಿನ ತಾಮ್ರ ಸತ್ತ ಹಾಗೆ ಆಗಿ ಕೆಲಸ ನಿಲ್ಲಿಸ್ತದೆ. ಎರಡನೇ ವರ್ಷ ನೀರಿಗೆ ಬಿಟ್ಟು ಡಿಸೆಂಬರ್ ಆಗುವಾಗ ದೋಣಿ ಎಳೆಯುದೇ ಇಲ್ಲ, ಮೊದಲು 5 ನಾಟ್, ಅಂದ್ರೆ ಗಂಟೆಗೆ 9 ಕಿಲೋಮೀಟರ್ ಹತ್ರ ಹೋಗ್ತಿದ್ದದ್ದು ಅದೇ ಗಾಳಿಯಲ್ಲಿ 3ಕ್ಕೆ ಬಂತು, ಗಾಳಿಗೆ ಎದುರಾಗಿ ತಿರುಗಿಸ್ಲಿಕ್ಕೆ ಹೋದ್ರೆ ಅರ್ಧದಲ್ಲೇ ನಿಂತುಬಿಡುದು. ಮುಳುಗಿ ಕೈಯಾಡಿಸಿದ್ರೆ ಅಡಿಯೆಲ್ಲ ಬಾರ್ನಕಲ್, ಅಂದ್ರೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿ, ಬ್ಲೇಡಿನ ಹಾಗೆ ಚೂಪು, ಅಂಗೈ ಕೊಯ್ದುಹೋಯ್ತು. ಕೆರೆದು ತೆಗೆದ್ರೂ ಅದು ಪೂರ್ತಿ ಹೋಗುದಿಲ್ಲ, ಚಿಪ್ಪು ಕಿತ್ತು ಬಂದ ಮೇಲೆ ಅದರ ಬುಡ ನಾಲ್ಕಾಣೆ ಪಾವಲಿ ಥರ ಬೆಳ್ಳಗೆ ದುಂಡಗೆ ಅಂಟಿಕೊಂಡೇ ಇರ್ತದೆ, ಸಣ್ಣ ಸಣ್ಣ ಗೆರೆಗಳು ನಡುವಿಂದ ಅಂಚಿಗೆ ಹೋಗಿರ್ತವೆ. ಮರಿ ಇರುವಾಗ ಈಜಿಕೊಂಡು ಬಂದು ಜಾಗ ಹುಡುಕಿ ತಲೆಯ ಕಡೆಯಿಂದ ಅಂಟು ಬಿಟ್ಟು ಕೂರ್ತದೆ ಅದು, ಕೂತ ಮೇಲೆ ಜನ್ಮ ಪೂರ್ತಿ ಅಲ್ಲೇ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿ ಆದಾಗ ಸಾಯ್ತದೆ, ಹಿಂದಿನವ್ರು ದೋಣಿಯನ್ನ ಹೊಳೆಯಲ್ಲಿ ಮೇಲಕ್ಕೆ ತಗೊಂಡು ಹೋಗಿ ಸಿಹಿನೀರಲ್ಲಿ ಕೆಲವು ದಿವಸ ಕಟ್ಟಿ ಹಾಕ್ತಿದ್ದದ್ದು ಇದಕ್ಕೇ.

ನನ್ನಂಥವ್ರಿಗೆ ಬೇಕಾಗಿದ್ದದ್ದು ಸವೆಯುವ ಬಣ್ಣ, ಅಬ್ಲೇಟಿವ್ ಅಂತಾರೆ. ಸೋಪು ಕರಗಿದ ಹಾಗೆ ಸ್ವಲ್ಪ ಸ್ವಲ್ಪವೇ ಸವೆದು ಹೊಸ ತಾಮ್ರ ಮೇಲೆ ಬರ್ತಾ ಇರ್ತದೆ, ದಡದಲ್ಲಿ ಇಟ್ಟು ಮತ್ತೆ ಇಳಿಸಿದ್ರೂ ಮೇಲೆ ಸ್ವಲ್ಪ ಉಜ್ಜಿದ್ರೆ ಕೆಲಸ ಶುರು ಮಾಡ್ತದೆ, ವರ್ಷ ವರ್ಷ ದಪ್ಪ ಕಟ್ಟುದೂ ಇಲ್ಲ. ವರ್ಷ ಪೂರ್ತಿ ನೀರಲ್ಲೇ ಇದ್ದು ಆಗಾಗ ಉಜ್ಜಿ ತೊಳೆಯುವ, ರೇಸಿಗೆ ಹೋಗುವ ದೋಣಿಗೆ ಗಟ್ಟಿಯದ್ದೇ ಸರಿ. ಸಿಲಿಕೋನ್ ಬಣ್ಣ ಅಂತ ಇನ್ನೊಂದು ಉಂಟು, ಸಾಮಾನ್ಯವಾಗಿ ಅದರಲ್ಲಿ ವಿಷ ಇಲ್ಲ, ಜಾರಿಸುದೇ ಅದರ ಕೆಲಸ, ಆದ್ರೆ ವೇಗವಾಗಿ ಓಡುವ ಹಡಗಿಗೆ ಅದು, ವಾರಗಟ್ಟಲೆ ಕಟ್ಟಿಹಾಕಿದ ಹಾಯಿದೋಣಿಗೆ ನಾನಂತೂ ಹೇಳುದಿಲ್ಲ, ಒಮ್ಮೆ ಹಚ್ಚಿದ್ರೆ ಅದರ ಮೇಲೆ ಬೇರೆ ಬಣ್ಣ ಹಿಡಿಯುದೂ ಕಷ್ಟ. ಮತ್ತೆ ಸವೆಯುವ ಬಣ್ಣದ ಮೇಲೆ ಗಟ್ಟಿ ಬಣ್ಣ ಯಾವತ್ತೂ ಹಚ್ಚಬೇಡಿ, ಅಡಿಯದ್ದು ಮೆತ್ತಗೆ ಇರುವಾಗ ಮೇಲಿನದ್ದು ಹಾಳೆ ಹಾಳೆಯಾಗಿ ಎದ್ದು ಬರ್ತದೆ.

ಎರಡನೇ ತಪ್ಪು ಇದಕ್ಕಿಂತ ದುಬಾರಿ ಬಿತ್ತು. ಬಣ್ಣ ಹಚ್ಚುವ ಹುಡುಗ ಪಾಪ ಒಳ್ಳೆ ಮನಸ್ಸಲ್ಲೇ ಔಟ್‌ಬೋರ್ಡ್ ಇಂಜಿನ್ನಿನ ನೀರೊಳಗೆ ಇರುವ ಭಾಗಕ್ಕೂ ಅದೇ ಕೆಂಪು ಬಣ್ಣ ಬಳಿದ. ಅದು ಅಲ್ಯೂಮಿನಿಯಂ. ಬಣ್ಣದಲ್ಲಿರುದು ತಾಮ್ರದ ಆಕ್ಸೈಡ್. ಉಪ್ಪುನೀರಲ್ಲಿ ತಾಮ್ರ ಅಲ್ಯೂಮಿನಿಯಂ ಎರಡೂ ಒಟ್ಟಿಗೆ ಬಂದ್ರೆ ಬ್ಯಾಟರಿ ಇದ್ದ ಹಾಗೆ, ತಿಂದುಹೋಗುದು ಅಲ್ಯೂಮಿನಿಯಮ್ಮೇ. ಒಂದೇ ಸೀಸನ್, ಮೇಯಲ್ಲಿ ತೆಗೆದು ನೋಡಿದ್ರೆ ಬಣ್ಣದ ಅಡಿಯಿಂದ ಬಿಳಿ ಹಿಟ್ಟು ಉಬ್ಬಿ ಬಂದಿತ್ತು, ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದ್ರೆ ಒಳಗೆ ಹೋಯ್ತು. ಅಲ್ಯೂಮಿನಿಯಂ ಭಾಗಕ್ಕೆ ತಾಮ್ರ ಇಲ್ಲದ, ಅಲ್ಯೂಮಿನಿಯಮ್ಮಿಗೆ ಆಗ್ತದೆ ಅಂತಲೇ ಬರೆದ ಬಣ್ಣ ಬೇರೆ ಬರ್ತದೆ. ಈ ಎಚ್ಚರಿಕೆ ನನ್ನ ಡಬ್ಬದ ಮೇಲೂ ಇತ್ತು ಸಾರ್, ಹಿಂದಿನ ಬದಿಯಲ್ಲಿ, ಇಂಗ್ಲಿಷಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಬಣ್ಣ ಹಚ್ಚಿದ ಹುಡುಗನಿಗೆ ಕನ್ನಡ, ತುಳು, ಕೊಂಕಣಿ ಮೂರೂ ಬರ್ತದೆ, ಅವನಿಗೆ ಗೊತ್ತಾಗ್ಬೇಕಾದ ಮಾತು ಮಾತ್ರ ಅವನಿಗೆ ಬಾರದ ಭಾಷೆಯಲ್ಲಿ ಇತ್ತು.

ಅದೇ ಹುಡುಗ ಡಬ್ಬ ತೆರೆದು ಮೇಲಿನ ತೆಳ್ಳಗಿನದ್ದನ್ನ ಬಗ್ಗಿಸಿ ಬಳಿಯುದು ನಾನು ನೋಡಿದ್ದೇನೆ. ತಾಮ್ರ ಭಾರ, ಜೇಡಿಮಣ್ಣಿನ ಹಾಗೆ ಅಡಿಯಲ್ಲಿ ಕೂತಿರ್ತದೆ, ಕೋಲು ಹಾಕಿ ತಳ ಕೆರೆದು ಹತ್ತು ನಿಮಿಷ ಆದ್ರೂ ತಿರುಗಿಸ್ಬೇಕು. ಹಾಗೆ ಮಾಡದೆ ಥಿನ್ನರ್ ಸುರಿದು ಬಳಿದ್ರೆ ನೀವು ದುಡ್ಡು ಕೊಟ್ಟ ತಾಮ್ರ ಡಬ್ಬದ ತಳದಲ್ಲೇ ಉಳಿದು ಗುಜರಿಗೆ ಹೋಗ್ತದೆ. ಎಷ್ಟು ಬಣ್ಣ ಬೇಕು ಅಂತ ಕೇಳ್ತಾರೆ ಕೆಲವ್ರು. ನೀರಿನ ಗೆರೆಯ ಉದ್ದವನ್ನ, ಅಗಲ ಮತ್ತು ಆಳ ಕೂಡಿಸಿದ್ದಕ್ಕೆ ಗುಣಿಸಿ ಅದರ ಮುಕ್ಕಾಲು ಪಾಲು ಹಿಡೀರಿ. ನನ್ನದಕ್ಕೆ 6.2 ಮೀಟರ್ ಉದ್ದ, 2.4 ಅಗಲ, 1.2 ಆಳ, ಹತ್ರ ಹತ್ರ 17 ಚದರ ಮೀಟರ್ ಬಂತು, ಎರಡು ಸಲ ಬಳಿಯಲಿಕ್ಕೆ, ಅಂದ್ರೆ ಎರಡು ಕೋಟು ಹಾಕ್ಲಿಕ್ಕೆ 4 ಲೀಟರ್ ಸಾಕಾಯ್ತು. ಮೊದಲ ಕೋಟು ಕಪ್ಪು, ಮೇಲಿನದ್ದು ಕೆಂಪು ಹಾಕಿದ್ರೆ ಕಪ್ಪು ಕಾಣ್ಲಿಕ್ಕೆ ಶುರುವಾದಾಗ ಹೊಸತು ಹಚ್ಚುವ ಸಮಯ ಅಂತ ತಿಳೀತದೆ. ನೀರಿನ ಗೆರೆ ಹತ್ರ ಮತ್ತೆ ಚುಕ್ಕಾಣಿಯ ಮುಂದಿನ ಅಂಚಿಗೆ ಒಂದು ಕೋಟು ಜಾಸ್ತಿ ಹಾಕಿ, ಬಿಸಿಲು ಬೀಳುವಲ್ಲಿ ಪಾಚಿ ಜಾಸ್ತಿ, ನೀರು ಬಡಿಯುವಲ್ಲಿ ಸವೆತ ಜಾಸ್ತಿ.

ಇಷ್ಟೆಲ್ಲ ವಿಷ ಯಾಕೆ ಬೇಕು ಅಂತ ಕೇಳುವವ್ರಿಗೆ ಒಂದು ಹಳೇ ವಿಷಯ ಹೇಳ್ಬೇಕು. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಅನ್ನುವ ಹಡಗಿನ ಅಡಿಗೆ ತಾಮ್ರದ ತಗಡು ಹೊಡೆಸಿ ನೋಡಿತು, ಚಿಪ್ಪು ಹುಳ ಎಲ್ಲ ದೂರ ಆಯ್ತು. ಆದ್ರೆ ತಗಡು ಕರಗಿ ಹೋಗ್ತದೆ ಅಂತ 1824ರ ಹೊತ್ತಿಗೆ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿದ್ರು. ತಾಮ್ರ ಕರಗುದು ನಿಂತಿತು, ಅದೇ ತಾಮ್ರದ ಮೇಲೆ ಚಿಪ್ಪು ಬೆಳೀಲಿಕ್ಕೆ ಶುರುವಾಯ್ತು! ಅಂದ್ರೆ ತಾಮ್ರ ನೀರಿಗೆ ಕರಗಿದ್ರೆ ಮಾತ್ರ ಕೆಲಸ. ಬಣ್ಣ ಹಚ್ಚದೆಯೂ ಆಗುದಿಲ್ಲ, ನಮ್ಮ ಅಭಿಲಾಷ್ ಟೋಮಿ ಗಾಯಗೊಂಡ 2018ರ ಗೋಲ್ಡನ್ ಗ್ಲೋಬ್ ರೇಸಲ್ಲಿ, ಅಂದ್ರೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಸ್ಪರ್ಧೆಯಲ್ಲಿ, ಗೆದ್ದವ್ರು 212 ದಿನದಲ್ಲಿ ಮುಗಿಸಿದ್ರೆ ಫಿನ್ಲೆಂಡಿನ ತಾಪಿಯೋ ಲೆಹ್ತಿನೆನ್ ದೋಣಿಗೆ ಬಾರ್ನಕಲ್ ತುಂಬಿ 322 ದಿನ ಬೇಕಾಯ್ತು. ಹಾಗಂತ ಕರಗಿದ್ದೆಲ್ಲ ಎಲ್ಲಿಗೆ ಹೋಗ್ತದೆ? ತವರ, ಅಂದ್ರೆ ಟಿನ್ ಸೇರಿದ ಒಂದು ಬಣ್ಣ ಇತ್ತು, ಟಿಬಿಟಿ ಅಂತ, ಅದರಷ್ಟು ಚಂದ ಕೆಲಸ ಯಾವುದೂ ಮಾಡಿಲ್ಲ. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಅದರಿಂದ ಸಿಂಪಿ ಮರಿ ಆಗುದೇ ನಿಂತು ಸಾಕಣೆದಾರರು ಮುಳುಗಿದ್ರು, 1982ರಲ್ಲಿ ಅಲ್ಲಿ ಸಣ್ಣ ದೋಣಿಗಳಿಗೆ ನಿಷೇಧ ಬಂತು. ಒಂದು ಲೀಟರ್ ನೀರಿಗೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಸೇರಿದ್ರೂ ಕೆಲವು ಜಾತಿ ಹೆಣ್ಣು ಶಂಖದ ಹುಳಕ್ಕೆ ಗಂಡಿನ ಅಂಗ ಬೆಳೀತಿತ್ತು. ಅದನ್ನ ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರಲ್ಲಿ. ಈಗ ತಾಮ್ರದ ಮೇಲೂ ಕಣ್ಣು ಬಿದ್ದಿದೆ, ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಮೋಜಿನ ದೋಣಿಯ ಬಣ್ಣದಿಂದ ದಿನಕ್ಕೆ ಚದರ ಸೆಂಟಿಮೀಟರಿಗೆ 9.5 ಮೈಕ್ರೋಗ್ರಾಮಿಗಿಂತ ಜಾಸ್ತಿ ತಾಮ್ರ ಬಿಡುವ ಹಾಗಿಲ್ಲ.

ನಮ್ಮಲ್ಲಿ ಎಂತಾಗ್ತದೆ ಅಂದ್ರೆ, ಹಳೇ ಬಣ್ಣವನ್ನ ಹೊಳೆ ದಡದಲ್ಲೇ ಒಣಗಿದ್ದನ್ನೇ ಸ್ಯಾಂಡರ್ ಹಿಡಿದು ಉಜ್ಜುದು. ನಾನೂ ಮೊದಲು ಹಾಗೇ ಮಾಡಿದವನು. ಮುಖ ಕೆಂಪು, ಮೂಗು ಕೆಂಪು, ಬಾಯಲ್ಲಿ ಹಳೇ ನಾಣ್ಯ ನೆಕ್ಕಿದ ರುಚಿ, ಕೆಲಸದವ್ರು ಮುಖಕ್ಕೆ ಬೈರಾಸ ಕಟ್ಟಿಕೊಂಡು ಅದೇ ಧೂಳಲ್ಲಿ ಇಡೀ ದಿವಸ. ಸಂಜೆ ಮಳೆ ಬಂದ್ರೆ ಆ ಕೆಂಪು ಧೂಳೆಲ್ಲ ಹೊಳೆಗೆ. ಅದೇ ಹೊಳೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸ್ರು ಸೊಂಟ ಮಟ್ಟ ನೀರಲ್ಲಿ ನಿಂತು ಕಾಲಲ್ಲಿ ತಡಕಿ ಮರುವಾಯಿ ಚಿಪ್ಪು ಹೆಕ್ಕುದು. ಚಿಪ್ಪಿನ ಜೀವಿ ನೀರು ಸೋಸಿ ತಿನ್ನುದು, ನೀರಲ್ಲಿ ಇದ್ದದ್ದು ಅದರೊಳಗೆ ಕೂರ್ತದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ತು, ಸಂತೋಷ, ಆದ್ರೆ ಪಟ್ಟಿಗೆ ಸೇರದ ಹೊಳೆಯ ಮರುವಾಯಿಯನ್ನೂ ಜನ ತಿಂತಾರೆ.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವ್ರಲ್ಲಿ ಕೇಳಿಕೊಳ್ಳುದು ಎರಡೇ. ಕರಾವಳಿಯಲ್ಲಿ ಮಾರುವ ಅಡಿ ಬಣ್ಣದ ಪ್ರತಿ ಡಬ್ಬದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೀಲಿ, ಗಟ್ಟಿಯದ್ದಾ ಸವೆಯುವದ್ದಾ, ತಾಮ್ರ ನೂರಕ್ಕೆ ಎಷ್ಟು, ಬೇರೆ ವಿಷ ಯಾವುದು, ಅಲ್ಯೂಮಿನಿಯಮ್ಮಿಗೆ ಆಗ್ತದಾ ಇಲ್ವಾ, ಹಚ್ಚಿದ ಮೇಲೆ ಎಷ್ಟು ದಿವಸದೊಳಗೆ ನೀರಿಗೆ ಇಳಿಸ್ಬೇಕು. ಇನ್ನೊಂದು, ಬೋಟು ಎಳೆಯುವ ಜಾಗಗಳಲ್ಲಿ ಕೆರೆದದ್ದು ಹೊಳೆಗೆ ಹೋಗದ ಹಾಗೆ ಒಂದು ಸಿಮೆಂಟ್ ಹಾಸು, ಸುತ್ತ ಕಾಲುವೆ, ಕೊನೆಗೆ ಒಂದು ಗುಂಡಿ ಮಾಡಿ ಕೊಡ್ಲಿ, ಆ ಗುಂಡಿಯ ಕೆಸರನ್ನ ವಿಷದ ಕಸ ಅಂತಲೇ ಬೇರೆ ಸಾಗಿಸುವ ವ್ಯವಸ್ಥೆಯೂ ಆಗ್ಲಿ. ಅದು ಆಗುವ ತನಕ ನಾನು ನೀರು ಹಾಕಿಯೇ ಉಜ್ಜುದು, ಅಡಿಗೆ ಟಾರ್ಪಲ್ ಹಾಸಿ. ಹೋದ ವರ್ಷ ಆ ಟಾರ್ಪಲಲ್ಲಿ ಸಿಕ್ಕಿದ ಕೆಂಪು ಕೆಸರು ಒಣಗಿದ ಮೇಲೆ ಒಂದು ಬಕೆಟಿನ ಅರ್ಧ ಇತ್ತು, ಒಂದೇ ಒಂದು 24 ಅಡಿ ದೋಣಿಯದ್ದು. ಎಲ್ಲಿ ಕೊಡ್ಬೇಕು ಅಂತ ಕೇಳಿದ್ರೆ ಯಾರೂ ಹೇಳ್ಲಿಲ್ಲ, ಮುಚ್ಚಳ ಹಾಕಿ ಮನೆ ಹಿಂದಿನ ಶೆಡ್ಡಲ್ಲಿ ಇಟ್ಟಿದ್ದೇನೆ.

ಇಂತಿ,
ಮಲ್ಪೆಯ ಒಬ್ಬ ಓದುಗ